ಹಂಚಿನ ಮುಂದೆ ಕೂತವರು

ಬೆನ್ನಡಿ ಜಮಖಾನ, ಮೈಮೇಲೆ ಕೌದಿ. ಎರಿ ಸೀಮೆಯಲ್ಲಿ ಜನವರಿಯ ಚಳಿ ಗಾಳಿಯಿಂದ ಬರುವುದಕ್ಕಿಂತ ನೆಲದಿಂದ ಏಳುವುದೇ ಹೆಚ್ಚು. ಜಮಖಾನ ಅದನ್ನು ಅಲ್ಲೇ ತಡೆದಿದೆ. ನವಲಗುಂದದ್ದೇ ಅದು, ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೇ ಮಗ್ಗ ನಿಲ್ಲಿಸಿ ನೇಯುವಂಥದ್ದು. ಭೌಗೋಳಿಕ ಸೂಚಿಯ ಗುರುತು ಸಿಕ್ಕಿತು, ನೇಯುವ ಕೈಗಳು ಮಾತ್ರ ಕಡಿಮೆಯಾಗುತ್ತ ಬಂದವು. ಈ ಮನೆಯ ಆಯಿಯ ಮದುವೆಗೆ ಬಂದದ್ದಂತೆ. ನಡುವಿನ ನವಿಲಿನ ಕುತ್ತಿಗೆ ಸವೆದು ಬರೀ ದಾರ ಉಳಿದಿದೆ.

ನಿಮ್ಮ ಕಣ್ಣು ಇನ್ನೂ ಮುಚ್ಚಿದೆ. ಕಿವಿ ಮಾತ್ರ ಎದ್ದು ಕೂತಿದೆ. ಅಡುಗೆಮನೆಯಿಂದ ಟಪ್, ಟಪ್, ಟಪ್. ಒಂದು ಗಳಿಗೆ ನಿಂತು, ಹಂಚಿಗೆ ಬಿದ್ದ ರೊಟ್ಟಿಯ ಮೇಲೆ ನೀರು ಸವರಿದ ಚುಂಯ್ ಸದ್ದು. ಮತ್ತೆ ಟಪ್, ಟಪ್. ಗಂಟೆ ಐದೂವರೆ.

ಪಡಸಾಲೆಯ ಆ ತುದಿಯಲ್ಲಿ ಯಜಮಾನರಿಗೆ ಎಚ್ಚರವಾಗಿದೆ, ಆದರೆ ಎದ್ದು ನಿಂತಿಲ್ಲ. ಮಂಚದಿಂದ ಕಾಲು ಇಳಿಬಿಟ್ಟು, ಎರಡೂ ಅಂಗೈ ಅಂಚಿಗೆ ಊರಿ ಸುಮ್ಮನೆ ಕೂತಿದ್ದಾರೆ. ದೇವರ ನೆನಪು ಅಂದುಕೊಳ್ಳುತ್ತೀರಿ. ಅಲ್ಲ, ಡಾಕ್ಟರ ಮಾತು. ಬಿ.ಪಿ. ಗುಳಿಗೆ ನುಂಗುವವರು ದಡಕ್ಕನೆ ಎದ್ದರೆ ರಕ್ತ ಕಾಲಿಗಿಳಿದು ತಲೆ ಗಿರ್ರೆನ್ನುತ್ತದೆ. ಅದೂ ಅಲ್ಲದೆ ನಸುಕಿನ ಹೊತ್ತಿಗೆ ಮೈ ತನ್ನಷ್ಟಕ್ಕೆ ರಕ್ತದೊತ್ತಡ ಏರಿಸಿಕೊಳ್ಳುತ್ತದೆ, ಚಳಿಗೆ ರಕ್ತನಾಳ ಬಿಗಿಯುತ್ತದೆ. ಹೃದಯಾಘಾತ ದಿನದ ಬೇರೆ ಹೊತ್ತಿಗಿಂತ ಬೆಳಗಿನ ಜಾವದಿಂದ ಮಧ್ಯಾಹ್ನದೊಳಗಿನ ತಾಸುಗಳಲ್ಲೇ ಹೆಚ್ಚು. ಹಾಗಾಗಿ ಎರಡು ನಿಮಿಷ ಕೂರುವುದು, ಆಮೇಲೆ ಏಳುವುದು, ಹಂಡೆಯ ಬಿಸಿನೀರಲ್ಲೇ ಮುಖ ತೊಳೆಯುವುದು.

"ಗುಳಗಿ ತಗೊಂಡಿಯೇನೋ?" ಒಳಕೋಣೆಯ ಕತ್ತಲೆಯಿಂದ ಆಯಿಯ ದನಿ.

"ತಗೊಂಡೆ ಬೇ."

ಎಂಬತ್ತು ದಾಟಿದ ಆಯಿ, ಯಜಮಾನರ ತಾಯಿ, ಒಂದೂವರೆ ವರ್ಷದಿಂದ ದಿನಾ ಇದನ್ನೇ ಕೇಳುತ್ತಾಳೆ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಅವಳಿಗೆ ಓದು ಬಾರದು, ಔಷಧದ ಹೆಸರು ಗೊತ್ತಿಲ್ಲ. ಆದರೆ ಊರಲ್ಲಿ ಎಷ್ಟು ಮಂದಿ ಮೂರು ತಿಂಗಳಿಗೇ 'ಅರಾಮಾತು' ಅಂತ ಗುಳಿಗೆ ಬಿಟ್ಟರು ಅನ್ನುವ ಲೆಕ್ಕ ಅವಳ ಬೆರಳ ತುದಿಯಲ್ಲಿದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಗುಳಿಗೆಯನ್ನು ತಾವೇ ನಿಲ್ಲಿಸಿದರೆ ತೆರೆಸಿಕೊಂಡ ದಾರಿ ಮತ್ತೆ ಮುಚ್ಚೀತು. ದವಾಖಾನೆಯಲ್ಲಿ ಹೇಳಿದ ಹತ್ತು ಮಾತಿನಲ್ಲಿ ಆಯಿ ಹಿಡಿದಿಟ್ಟುಕೊಂಡದ್ದು ಅದೊಂದೇ.

ಬನ್ನಿ, ಚಪ್ಪಲಿ ಮೆಟ್ಟಿ. ಯಜಮಾನರು ಹೊಲಕ್ಕೆ ಹೊರಟಿದ್ದಾರೆ.

ಊರು ದಾಟಿದರೆ ಬೆಣ್ಣಿಹಳ್ಳದ ಕಡೆಗೆ ಇಳಿಯುವ ಬಂಡಿದಾರಿ. ಎರಡೂ ಬದಿಗೆ ಕಪ್ಪು ನೆಲ, ಅದರ ಮೇಲೆ ಎದೆಮಟ್ಟದ ಬಿಳಿಜೋಳ, ಮೊಣಕಾಲುದ್ದದ ಕಡಲೆ. ಗುಡ್ಡವಿಲ್ಲ, ಮರವೂ ಅಪರೂಪ. ಸೂರ್ಯ ಹುಟ್ಟುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಯಜಮಾನರ ನಡಿಗೆ ಜೋರಿಲ್ಲ, ಮೆತ್ತಗೂ ಇಲ್ಲ.

"ಮಾತಾಡಾಕ ಬರಬೇಕು, ಪದಾ ಹಾಡಾಕ ದಮ್ಮ ಸಾಲಬಾರದು. ಅಷ್ಟ ಜೋರ ನಡೀರಿ ಅಂದಾರ ಡಾಕ್ಟರು."

ಇದಕ್ಕಿಂತ ಚಂದದ ಅಳತೆಗೋಲು ಯಾವ ಕೈಗಡಿಯಾರದಲ್ಲೂ ಇಲ್ಲ. ವಾರಕ್ಕೆ 150 ನಿಮಿಷ ಇಂಥ ನಡಿಗೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಮಾತು ಹೊಲದ ಮನುಷ್ಯನಿಗೆ ಹೇಳಬೇಕಾಗಿ ಬಂದದ್ದೇ ವಿಚಿತ್ರ. ಲೆಕ್ಕ ಹಾಕಿ ನೋಡಿ: ಮುಕ್ಕಾಲು ಅಡಿ ಅಗಲದ ಸಾಲು ಹಿಡಿದು ಒಂದು ಎಕರೆ ರಂಟಿ ಹೊಡೆದರೆ ಎತ್ತಿನ ಹಿಂದೆ 17 ಕಿಲೋಮೀಟರಿನ ಮೇಲೆ ನಡೆದಂತಾಯಿತು, ಅದೂ ಕಾಲು ಹೂತುಹೋಗುವ ಎರಿಮಣ್ಣಲ್ಲಿ. ಇವರ ಅಪ್ಪ ನಡೆದದ್ದು ಹಾಗೆ. ಇವರ ಕಾಲಕ್ಕೆ ಎತ್ತು ಹೋಗಿ ಬಾಡಿಗೆ ಟ್ರ್ಯಾಕ್ಟರ್ ಬಂತು, ಹೊಲಕ್ಕೆ ಹೋಗಲು ಬೈಕು ಬಂತು. ಊಟ ಮಾತ್ರ ರಂಟಿ ಹೊಡೆಯುವವನದೇ ಉಳಿಯಿತು. ನಾಲ್ಕು ರೊಟ್ಟಿ, ಮೇಲೆ ಅನ್ನ, ಬೆಣ್ಣೆ. ಜೊತೆಗೆ ಕಿಸೆಯಲ್ಲಿ ತಂಬಾಕು.

ತಂಬಾಕಿನದೊಂದು ಕತೆಯಿದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನಬೀಡಾ ಅಂಗಡಿಯವರು ಮರುದಿನದಿಂದ ಒಂದು ಚೀಟಿಯ ಬದಲು ಎರಡು ಚೀಟಿ ತೂಗುಹಾಕಿದರು, ಒಂದರಲ್ಲಿ ಮಸಾಲೆ, ಇನ್ನೊಂದರಲ್ಲಿ ತಂಬಾಕು. ಬಾಯಿಯೊಳಗೆ ಎರಡೂ ಸೇರಿದರೆ ಅದೇ ಮಾಲು. ಬೀಡಿ ಸೇದಿದರಷ್ಟೇ ಎದೆಗೆ ಕೆಡಕು, ಅಗಿದು ಉಗುಳಿದರೆ ಬಾಯಿಗಷ್ಟೇ ಎಂದು ಬಹಳ ಜನ ನಂಬಿದ್ದಾರೆ. ನಿಕೋಟಿನ್ ಹೊಗೆಯಲ್ಲಿ ಬಂದರೂ ಗಲ್ಲದೊಳಗಿಂದ ಇಳಿದರೂ ರಕ್ತಕ್ಕೇ ಸೇರುವುದು. ಎದೆಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಯಜಮಾನರು ಮೂವತ್ತು ವರ್ಷ ಬಿಡಲಾಗದ್ದನ್ನು ಮೂರು ದಿನ ಐಸಿಯುದಲ್ಲಿ ಮಲಗಿ ಬಿಟ್ಟರು. ಈಗ ಕಿಸೆಯಲ್ಲಿ ಬಡೇಸೋಪು.

ಆ ದಿನದ ಕತೆಯನ್ನು ಅವರು ಇದೇ ತಿರುವಿನಲ್ಲಿ ಹೇಳುತ್ತಾರೆ, ಬದುವಿನ ಬನ್ನಿಗಿಡದ ಹತ್ತಿರ. 2024ರ ಹೆಸರು ರಾಶಿಯ ಹೊತ್ತು. ಹಿಂದಿನ ವರ್ಷ ಬರ ಬಿದ್ದಿತ್ತು, ಸಾಲ ಮೈಮೇಲಿತ್ತು. ಈ ಸಲ ಕಾಯಿ ಹಿಡಿದ ಮೇಲೆ ಮಳೆ ಬಿಡಲಿಲ್ಲ. ಮೋಡ ನೋಡುತ್ತ ಎರಡು ರಾತ್ರಿ ನಿದ್ದೆಯಿಲ್ಲ. ಮೂರನೆಯ ದಿನ ಹತ್ತು ಗಂಟೆಗೆ ಎದೆಯ ಮೇಲೆ ಯಾರೋ ಕೂತಂತೆ. ಎಡ ರಟ್ಟೆ ಜೋಮು.

"ಗ್ಯಾಸ್ ಅಂದ್ಕೊಂಡೆ. ಸೋಡಾ ಕುಡದೆ. ಅಜವಾನ ತಿಂದೆ. ಯಾರೋ ಬೆನ್ನ ತಿಕ್ಕಿದ್ರು. ಎರಡ ತಾಸ ಹೋತ ನೋಡ್ರಿ."

ಕೊನೆಗೆ ಬುತ್ತಿ ಹೊತ್ತು ಬಂದ ಹೆಂಡತಿ ಮುಖ ನೋಡಿದಳು. ಚಳಿಬೆವರು ಅಂಗಿ ತೋಯಿಸಿತ್ತು. 'ಇದು ಗ್ಯಾಸ್ ಅಲ್ಲ' ಅಂದವಳು ಅವಳೇ, 108ಕ್ಕೆ ಫೋನು ಹಚ್ಚಲು ಪಕ್ಕದ ಹೊಲದ ಹುಡುಗನನ್ನು ಓಡಿಸಿದವಳೂ ಅವಳೇ. ತಾಲ್ಲೂಕು ದವಾಖಾನೆಯಲ್ಲಿ ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್, ಅಲ್ಲಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನ ಹುಬ್ಬಳ್ಳಿ, ಅಲ್ಲಿ ಸ್ಟೆಂಟ್.

ಆ ಇಂಜೆಕ್ಷನ್ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಹೃದಯದ ರಕ್ತನಾಳ ಕಟ್ಟಿದಾಗ ಅದರಾಚೆಯ ಸ್ನಾಯು ನಿಮಿಷ ನಿಮಿಷಕ್ಕೆ ಸಾಯುತ್ತ ಹೋಗುತ್ತದೆ. ಹಳ್ಳಿಯವರಿಗೆ ದೊಡ್ಡ ಆಸ್ಪತ್ರೆ ದೂರ. ಅದಕ್ಕೇ ತಾಲ್ಲೂಕು ಮಟ್ಟದಲ್ಲಿಯೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಅವರು ಹೌದೆಂದರೆ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುವ ಏರ್ಪಾಟನ್ನು ರಾಜ್ಯ ಸರಕಾರ ಮಾಡಿತು. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿಗೆ ತೀರಿಕೊಂಡ ನಟನ ಹೆಸರೇ ಅದಕ್ಕೆ: ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ಆದರೆ ಯಾವ ಯೋಜನೆಗೂ ಸೋಡಾ ಕುಡಿಯುತ್ತ ಕೂತ ಎರಡು ತಾಸು ಮರಳಿ ತಂದುಕೊಡಲು ಬರುವುದಿಲ್ಲ.

2025ರ ಬೇಸಿಗೆ ಮುಗಿಯುವಾಗ ಹಾಸನದಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದು ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತದ್ದು ನಿಮಗೆ ನೆನಪಿರಬೇಕು. ಈ ಊರಿನ ಹನುಮಪ್ಪನ ಗುಡಿಕಟ್ಟೆಯಲ್ಲೂ ಒಂದು ತಿಂಗಳು ಅದೇ ಮಾತು. 'ವಯಸ್ಸಿನ ಹುಡುಗರಿಗೇ ಬರಾಕತ್ತೇತಿ ಅಂದಮ್ಯಾಗ ನಮ್ಮ ಕೈಯಾಗೇನೈತಿ' ಎಂದು ತಂಬಾಕು ತಿಕ್ಕುತ್ತಲೇ ಹೇಳುವವರು. ಭಯ ಬಿದ್ದವರು ಮಾಡುವ ಕೆಲಸ ಎರಡು, ದವಾಖಾನೆಗೆ ಓಡುವುದು ಅಥವಾ ಕೈಚೆಲ್ಲುವುದು. ನಡುವಿನ ಬೇಸರದ ಕೆಲಸ, ದಿನಾ ಮಾಡಬೇಕಾದದ್ದು, ಯಾರಿಗೂ ಬೇಡ.

ಹೊಲ ಬಂತು. ಮೂಲೆಯಲ್ಲಿ ಕುಳ್ಳಿನ ಬೆಂಕಿ ಮಾಡಿ ಮಗ ಸೀತನಿ ಸುಡುತ್ತಿದ್ದಾನೆ. ಹಾಲುಗಾಳು ಗಟ್ಟಿಯಾಗುವ ಹೊತ್ತಿನ ಹಸಿ ತೆನೆಯನ್ನು ಕೆಂಡದಲ್ಲಿ ಹೂತು, ಬೂದಿ ಝಾಡಿಸಿ, ಬಿಸಿಯಿದ್ದಾಗಲೇ ಅಂಗೈಯಲ್ಲಿ ತಿಕ್ಕಿ ಊದಿದರೆ ಹಸಿರು ಕಾಳು. ನಿಮ್ಮ ಬೊಗಸೆಗೆ ಬೀಳುತ್ತದೆ, ಮೇಲೊಂದು ಚಿಟಿಕೆ ಶೇಂಗಾ ಚಟ್ನಿಪುಡಿ. ಅಗಿಯುತ್ತ ಹೋದಂತೆ ಸಿಹಿ ಬಿಡುತ್ತದೆ. ಬದುವಿಗೆ ಕುಸುಬಿ, ಮುಳ್ಳಿನ ನಡುವೆ ಹಳದಿ ಹೂವು. ಜೋಳದ ಸಾಲಿನಲ್ಲಿ ತಾನೇ ಹುಟ್ಟಿದ ಹಕ್ಕರಕಿಯನ್ನು ಯಜಮಾನರು ಬಗ್ಗಿ ಕಿತ್ತು ವಲ್ಲಿಯ ಚುಂಗಿಗೆ ಕಟ್ಟಿಕೊಳ್ಳುತ್ತಾರೆ.

ಈ ಸೀಮೆಯ ತಾಟು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ನಾರು ತುಂಬಿದ ಜೋಳದ ರೊಟ್ಟಿ, ಹೆಸರುಕಾಳೋ ಮಡಕಿಕಾಳೋ ಪಲ್ಲೆ, ಹಸಿಯಾಗಿಯೇ ಕಡಿಯುವ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಒಂದು ಬಟ್ಟಲು ಮಜ್ಜಿಗೆ. ಮೀನು ತಿನ್ನದವರಿಗೆ ಒಮೆಗಾ-3 ಕೊಡುವ ಕೆಲವೇ ಕಾಳುಗಳಲ್ಲಿ ಅಗಸಿ ಒಂದು. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೇರಳ. ಪಟ್ಟಣದವರು ಚಿಕ್ಕ ಡಬ್ಬಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದೆಲ್ಲ ಇಲ್ಲಿ ಮಾಡಿನ ಮೇಲಿನ ಗಡಿಗೆಯಲ್ಲಿದೆ. ಕೆಟ್ಟದ್ದು ತಾಟಿನ ಅಂಚಿಗೆ ಬಂದು ಕೂತದ್ದು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ, ಆ ಮಿರ್ಚಿ ಕರಿದ ಕರ್ರಗಾದ ಎಣ್ಣೆ. ಮತ್ತು ಚಹಾ.

ಮನೆಗೆ ಬಂದೊಡನೆ ಚಹಾ ಬರುತ್ತದೆ. ಮೊದಲು ಈ ಮನೆಯಲ್ಲಿ ಸಕ್ಕರೆ ಹಾಕಿಯೇ ಕುದಿಸುತ್ತಿದ್ದರು, ಒಬ್ಬೊಬ್ಬರಿಗೆ ಎರಡೆರಡು ಚಮಚ. ಬಂದವರಿಗೆಲ್ಲ ಚಹಾ, ಬಂದವರ ಜೊತೆ ತಾವೂ ಚಹಾ. ದಿನಕ್ಕೆ ಆರು ಕಪ್ಪಾದರೆ ಹನ್ನೆರಡು ಚಮಚ, ಸುಮಾರು 50 ಗ್ರಾಂ ಸಕ್ಕರೆ. ಅದು ದಿನಕ್ಕೆ 25 ಗ್ರಾಂ ಒಳಗಿದ್ದರೆ ಚಲೋ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೊಸೆ ಒಂದು ಉಪಾಯ ಹೂಡಿದ್ದಾಳೆ. ಸಪ್ಪೆ ಚಹಾ ಕುದಿಸಿ, ಸಕ್ಕರೆ ಬಟ್ಟಲನ್ನು ಪ್ಲೇಟಿನಲ್ಲಿ ಬೇರೆ ಇಡುತ್ತಾಳೆ. ಕೇಳಿ ಹಾಕಿಸಿಕೊಳ್ಳುವುದೆಂದರೆ ಎಲ್ಲರಿಗೂ ಒಂದಿಷ್ಟು ನಾಚಿಕೆ. ಎರಡರ ಬದಲು ಒಂದಕ್ಕೆ ನಿಲ್ಲುತ್ತಾರೆ. ಯಾರಿಗೂ ಉಪದೇಶ ಮಾಡಿದಂತಾಗಲಿಲ್ಲ, ತಿಂಗಳ ಸಂತೆಯಲ್ಲಿ ಸಕ್ಕರೆ ಎರಡು ಕಿಲೋ ಕಡಿಮೆ.

ಹೀಗೆ ಒಂದೊಂದೇ ಬದಲಾಗಿದೆ ಈ ಮನೆ. ಯಜಮಾನರಿಗೆಂದು ಉಪ್ಪು ಕಡಿಮೆಯಾಯಿತು. ಬೇರೆ ಅಡುಗೆ ಮಾಡುವುದು ಯಾರಿಗೆ ಸಾಧ್ಯ, ಎಲ್ಲರಿಗೂ ಕಡಿಮೆಯಾಯಿತು. ರಾತ್ರಿ ಊಟ ಹತ್ತರಿಂದ ಎಂಟಕ್ಕೆ ಬಂತು. ಊಟದ ಹೊತ್ತಿಗೆ ಟಿವಿ ಬಂದ್, ಮೊಬೈಲು ಗೂಡಿನಲ್ಲಿ. 'ಈಗ ಎಲ್ಲಾರೂ ಕೂಡೇ ಉಣ್ತೀವ್ರಿ' ಎಂದು ಯಜಮಾನರು ನಿನ್ನೆ ರಾತ್ರಿ ಹೆಮ್ಮೆಯಿಂದ ಹೇಳಿದ್ದರು. ನೀವು ತಲೆದೂಗಿದ್ದಿರಿ. ತಾಟು ಎಷ್ಟಿದ್ದವು ಎಂದು ಎಣಿಸಿರಲಿಲ್ಲ.

ಹತ್ತೂವರೆಗೆ ಆಶಾ ಕಾರ್ಯಕರ್ತೆ ಬರುತ್ತಾಳೆ, ಹೆಗಲ ಚೀಲದಲ್ಲಿ ಬಿ.ಪಿ. ಯಂತ್ರ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮೂವತ್ತು ದಾಟಿದವರ ಬಿ.ಪಿ., ಸಕ್ಕರೆ ನೋಡಲು ಮನೆ ಬಾಗಿಲಿಗೇ ಬರುತ್ತಾರೆ. ಯಜಮಾನರು ತಯಾರಾಗಿಯೇ ಕೂತಿದ್ದಾರೆ. ಗೋಡೆಗೆ ಬೆನ್ನು, ಕೈ ತಲೆದಿಂಬಿನ ಮೇಲೆ ಎದೆಯ ಮಟ್ಟಕ್ಕೆ, ಬಾಯಿ ಬಂದ್. ಪಟ್ಟಿ ಉಬ್ಬುತ್ತದೆ, ಇಳಿಯುತ್ತದೆ. 126/80.

"ಕಾಕಾ, ಚಲೋ ಅದೀರಿ."

"ಎಲ್ಲಾ ಇಕಿ ಕೈಯಾಗಿನ ಊಟದ್ದು," ಎನ್ನುತ್ತಾರೆ ಅವರು ಅಡುಗೆಮನೆ ಕಡೆ ತಲೆ ತಿರುಗಿಸಿ. ಅದು ಪ್ರೀತಿಯ ಮಾತೇ.

"ಕಾಕಿ, ನೀವೂ ಬರ್ರಿ."

"ನನಗೇನಾಗೇತಿ? ಗಟ್ಟಿ ಅದೇನಿ. ಪಲ್ಯಾ ತಳಾ ಹತ್ತತೈತಿ."

"ಹೋದ ಸಲನೂ ಹಿಂಗ ಅಂದ್ರಿ."

ಸೊಸೆ ಹೋಗಿ ಒಲೆ ತಗ್ಗಿಸುತ್ತಾಳೆ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಆಕೆ ಬಂದು ಕೂರುತ್ತಾಳೆ, ಅರ್ಧ ಕೂತಂತೆ. ಐವತ್ತರ ಆಚೀಚೆ. ಮಾತಾಡುತ್ತಲೇ ಇದ್ದಾಳೆ: ಎಮ್ಮೆ ಹಾಲು ಇಳಿಸಿದ್ದು, ನೀರಿನ ಘಟಕ ಕೆಟ್ಟದ್ದು. ಯಂತ್ರ 172/104 ತೋರಿಸುತ್ತದೆ. ಯಾರೂ ಮಾತಾಡುವುದಿಲ್ಲ. ಆಶಾ ಪಟ್ಟಿ ಬಿಚ್ಚಿ, ಐದು ನಿಮಿಷ ಸುಮ್ಮನೆ ಕೂಡಿಸುತ್ತಾಳೆ. ಮಾತಾಡುತ್ತ, ಚಹಾ ಕುಡಿದ ಕೂಡಲೇ, ಕಾಲು ಮಡಿಚಿ ಕೂತು ನೋಡಿದರೆ ಅಂಕಿ ಸುಳ್ಳೇ ಏರುತ್ತದೆ. ಐದು ನಿಮಿಷ. ಈ ಮನೆಯಲ್ಲಿ ಬೆಳಕಿರುವಾಗ ಆಕೆ ಐದು ನಿಮಿಷ ಸುಮ್ಮನೆ ಕೂತದ್ದನ್ನು ಮೊಮ್ಮಗಳೂ ಹೊಸದೆಂಬಂತೆ ಕಲಘಟಗಿ ತೊಟ್ಟಿಲಿನ ಬಣ್ಣದ ಕಟಾಂಜನದಿಂದ ನೋಡುತ್ತಿದ್ದಾಳೆ.

ಎರಡನೆಯ ಸಲ 160/98.

"ಒಂದ ಸಲಕ್ಕ ಬಿ.ಪಿ. ಐತಿ ಅನ್ನಾಕ ಬರೂದಿಲ್ರಿ. ಬ್ಯಾರೆ ಬ್ಯಾರೆ ದಿನಾ ನೋಡಬೇಕು. 140/90 ದಾಟಿ ನಿಂತರ ಗುಳಗಿ. ನಾಳೆ ಪಿಎಚ್‌ಸಿಗೆ ಕರಕೊಂಡ ಬರ್ರಿ ಕಾಕಾ, ತಪ್ಪಸಬ್ಯಾಡ್ರಿ. ತಲಿ ನೋವಿತ್ತೇನ್ರಿ ಕಾಕಿ?"

"ಹೊಗಿಗೆ ತಲಿ ನೋಯ್ತೈತವಾ. ಅದ್ಯಾವ ಜಡ್ಡು."

ಆಕೆ ಎದ್ದು ಒಳಗೆ ಹೋಗುತ್ತಾಳೆ. ನೀವೂ ಹಿಂದೆಯೇ ಹೋಗಿ, ಬಾಗಿಲ ಹೊಸ್ತಿಲ ಈಚೆ ನಿಂತು ನೋಡಿ. ಚಹಾಕ್ಕೆ, ಪಲ್ಯಕ್ಕೆ ಗ್ಯಾಸ್ ಇದೆ. ರೊಟ್ಟಿ ಮಾತ್ರ ಕಟ್ಟಿಗೆ ಒಲೆಯ ಮೇಲೆ, ದೊಡ್ಡ ಹಂಚಿಗೆ ಎಲ್ಲ ಕಡೆ ಕಾವು ಬೇಕು, ಸಿಲಿಂಡರಿಗೆ ರೊಕ್ಕವೂ ಬೇಕು. ಮಾಡಿನಲ್ಲಿ ಒಂದು ಬೆಳಕಿಂಡಿ, ಅದಕ್ಕೂ ಮಳೆಗೆಂದು ಬಿಗಿದ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆಯೇ ಹೊಗೆಕೊಳವೆಯ ಅಸ್ತ್ರ ಒಲೆ ಮಾಡಿದ್ದರು, ಅದು ಈ ಗೋಡೆಯವರೆಗೆ ಬರಲಿಲ್ಲ. ದಿನಕ್ಕೆ ಮೂವತ್ತರ ಮೇಲೆ ರೊಟ್ಟಿ, ಎರಡು ಹೊತ್ತು ಸೇರಿ ಮೂರು ತಾಸು, ಹೊಗೆಯ ಮುಂದೆ. ಹೊಗೆಯ ಸಣ್ಣ ಕಣಗಳು ಪುಪ್ಪಸದಲ್ಲೇ ನಿಲ್ಲುವುದಿಲ್ಲ, ರಕ್ತನಾಳಗಳನ್ನೂ ಕೆಡಿಸುತ್ತವೆ. ತಂಬಾಕು ಬಿಟ್ಟ ಯಜಮಾನರ ಎದೆಯನ್ನು ಮನೆಯೆಲ್ಲ ಕಾಯುತ್ತಿದೆ. ಒಂದೂ ಬೀಡಿ ಸೇದದ ಈಕೆ ಮೂವತ್ತು ವರ್ಷದಿಂದ ಹೊಗೆ ಕುಡಿದದ್ದು ಯಾರ ಲೆಕ್ಕದಲ್ಲೂ ಇಲ್ಲ.

ಊಟದ ಹೊತ್ತು ಬರಲಿ, ಉಳಿದದ್ದೂ ಕಾಣುತ್ತದೆ.

ಗಂಡಸರು, ಆಯಿ, ನೀವು ಸಾಲಾಗಿ ಕೂತಿದ್ದೀರಿ. ರೊಟ್ಟಿ ಹಂಚಿನಿಂದ ಉಬ್ಬಿಕೊಂಡೇ ಬರುತ್ತದೆ. ಸೊಸೆ ಓಡಾಡಿ ತಾಟಿಗೆ ಹಾಕುತ್ತಾಳೆ. ಮೇಲಿನ ಪದರ ಬಿಚ್ಚಿದರೆ ಹಬೆ. ಅದರೊಳಗೆ ಎಣ್ಣೆಗಾಯಿ ಬದನೆಕಾಯಿ, ಹಕ್ಕರಕಿ ಪಚಡಿ. ಸ್ವರ್ಗ ಅನ್ನಿ. ಎರಡನೆಯ ರೊಟ್ಟಿ ಬರುವುದು ತುಸು ತಡವಾದರೆ ಯಜಮಾನರ ಕೈ ತಾಟಿನ ಮೇಲೆ ನಿಲ್ಲುತ್ತದೆ.

"ಆರಿದ್ದ ತರಬ್ಯಾಡ. ಹಂಚಿನಿಂದ ತಾಟಿಗೆ ಬೀಳಬೇಕು ರೊಟ್ಟಿ."

ಬಿಸಿ ರೊಟ್ಟಿಯ ಸುಖಕ್ಕೆ ಒಂದು ಶರತ್ತಿದೆ. ಉಣ್ಣುವವರು ಉಣ್ಣುವಷ್ಟು ಹೊತ್ತೂ ಒಬ್ಬರು ಹಂಚಿನ ಮುಂದೆ ಕೂತಿರಲೇಬೇಕು. ಕೂಡಿ ಉಣ್ಣುತ್ತೇವೆ ಎಂಬ ಮಾತು ಆ ಒಬ್ಬರನ್ನು, ಓಡಾಡುವ ಇನ್ನೊಬ್ಬರನ್ನು ಬಿಟ್ಟೇ ನಿಜ. ನೀವು ಕೈತೊಳೆದು ಪಡಸಾಲೆಗೆ ಬಂದಾಗ ಗಂಟೆ ಎರಡು. ಒಳಗೆ ಅತ್ತೆ ಸೊಸೆ ಈಗ ಕೂರುತ್ತಾರೆ. ಎಣ್ಣೆಗಾಯಿ ಮುಗಿದಿದೆ, ತಳದ ಗೊಜ್ಜು ಉಳಿದಿದೆ. ಪಚಡಿಯೂ ಮುಗಿದಿದೆ. ಆಕೆ ಕೈ ಚಾಚುವುದು ಭರಣಿಗೆ. ಎರಡು ಹೋಳು ಮಾವಿನ ಉಪ್ಪಿನಕಾಯಿ, ನಾಲ್ಕನೆಯ ರೊಟ್ಟಿಗೆ ಇನ್ನೊಂದು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಒಂದು ಸಣ್ಣ ಚಮಚದಷ್ಟು, ಸಾಕು ಎನ್ನುತ್ತಾರೆ. ಯಜಮಾನರಿಗಾಗಿ ಪಲ್ಯದಲ್ಲಿ ಇಳಿಸಿದ ಉಪ್ಪು, ಕೊನೆಗೆ ಉಣ್ಣುವವಳ ತಾಟಿಗೆ ಭರಣಿಯಿಂದ ವಾಪಸು ಬಂತು. ಪಲ್ಯ ಉಳಿದಿದ್ದರೆ ಉಪ್ಪಿನಕಾಯಿ ಯಾಕೆ ಬೇಕಿತ್ತು?

ಹೆಂಗಸರಿಗೆ ಹೃದಯದ ಜಡ್ಡು ಗಂಡಸರಿಗಿಂತ ತಡವಾಗಿ ಬರುತ್ತದೆ, ಮುಟ್ಟು ನಿಂತ ಮೇಲೆ ಆ ರಕ್ಷೆಯೂ ಹೋಗುತ್ತದೆ. ಬಂದಾಗಲೂ ಎದೆಯ ಮೇಲೆ ಕಲ್ಲಿಟ್ಟಂತೆಯೇ ಬರಬೇಕೆಂದಿಲ್ಲ. ದಣಿವು, ಏದುಸಿರು, ಹೊಟ್ಟೆ ತೊಳಸುವುದು, ದವಡೆ ನೋವು, ಬೆನ್ನು ನೋವು. ಇದರಲ್ಲಿ ಯಾವುದು ಈ ಅಡುಗೆಮನೆಯಲ್ಲಿ ದಿನಾ ಇರುವುದಿಲ್ಲ? ಗಂಡನ ಬೆವರು ನೋಡಿ 'ಇದು ಗ್ಯಾಸ್ ಅಲ್ಲ' ಎಂದು ಹಿಡಿದವಳು ಈಕೆ. ಈಕೆಯ ಬೆವರು ಒಲೆಯ ಮುಂದಿನದು, ಅದನ್ನು ಬೇರೆ ಮಾಡಿ ನೋಡುವವರು ಯಾರು?

ಮಧ್ಯಾಹ್ನ ಯಜಮಾನರು ಮಲಗಿದ್ದಾರೆ, ನಿದ್ದೆ ಹೋಗಿಲ್ಲ. ಒಂದು ಸಲ ಎದ್ದು ನೀರು ಕುಡಿಯಲು ಒಳಗೆ ಹೋಗಿ ಬಹಳ ಹೊತ್ತು ಅಲ್ಲೇ ನಿಂತಿರುತ್ತಾರೆ. ಹೊರಗೆ ಬಂದು ಏಣಿ ಹಚ್ಚಿ, ಬೆಳಕಿಂಡಿಯ ಪ್ಲಾಸ್ಟಿಕ್ಕಿನ ಹಗ್ಗ ಬಿಚ್ಚುತ್ತಾರೆ. 'ಏಣಿ ಹತ್ತಬ್ಯಾಡ ಅಂದಾರ' ಎಂದು ಮಗ ಓಡಿಬರುತ್ತಾನೆ. ಮಗ ಏರುತ್ತಾನೆ, ಇವರು ಏಣಿ ಹಿಡಿಯುತ್ತಾರೆ. ನಾಲ್ಕು ತಿಂಗಳ ಕಸ ದೊಪ್ಪನೆ ಬೀಳುತ್ತದೆ.

ಸಂಜೆ ಗುಡಿಯಲ್ಲಿ ಸೋಮವಾರದ ಭಜನೆ. ತಾಳ, ದಮಡಿ, ಹಾರ್ಮೋನಿಯಂ. ಶಿಶುನಾಳ ಶರೀಫರ ಪದ ಇಲ್ಲದೆ ಈ ಭಾಗದಲ್ಲಿ ಭಜನೆ ಮುಗಿಯುವುದಿಲ್ಲ. ಅವರ ಗುರು ಗೋವಿಂದ ಭಟ್ಟರ ಕಳಸ ಇಲ್ಲೇ ಕುಂದಗೋಳ ತಾಲ್ಲೂಕಿನಲ್ಲಿ. ಒಂದು ಸಾಲು ಎಳೆಯುವಷ್ಟು ಹೊತ್ತು ಉಸಿರು ಬಿಡುವುದು, ಆಮೇಲೆ ನಿಧಾನ ಎಳೆದುಕೊಳ್ಳುವುದು. ಉಸಿರಾಟ ನಿಮಿಷಕ್ಕೆ ಆರೇಳಕ್ಕೆ ಇಳಿದರೆ ಎದೆಬಡಿತವೂ ಜೊತೆಗೆ ಇಳಿಯುತ್ತದೆ. ಹೆಸರು ಒಣಗಿದ ಸಾಲ, ಕಡಲೆಯ ಧಾರಣೆ, ಬೆಣ್ಣಿಹಳ್ಳದ ನೆರೆ, ಎಲ್ಲದರ ಭಾರ ಇಳಿಸಲು ಈ ಕಲ್ಲುಹಾಸು ಯಜಮಾನರಿಗೆ ಇದೆ. ಹನ್ನೊಂದು ಮಂದಿ ಹಾಡುತ್ತಿದ್ದಾರೆ, ಹನ್ನೊಂದೂ ಗಂಡಸರು. ಇದನ್ನು ಬರೆಯಬಾರದೆಂದೇ ಇದ್ದೆ, ಭಜನೆ ಅಷ್ಟು ಚಂದ ನಡೆದಿತ್ತು.

ಯಜಮಾನರು ಅರ್ಧಕ್ಕೇ ಎದ್ದು ಹೊರಡುತ್ತಾರೆ. ಬೀದಿದೀಪದ ಕೆಳಗೆ ನೀವಿಬ್ಬರೂ ಮಾತಿಲ್ಲದೆ ನಡೆಯುತ್ತೀರಿ.

ಮನೆಯಲ್ಲಿ ಆಕೆ ಕಟ್ಟಿಗೆ ಮುರಿದು ಒಲೆಗೆ ಒಡ್ಡುತ್ತಿದ್ದಾಳೆ. ಹಿಟ್ಟು ನಾದಲು ಎಸರಿನ ನೀರು ಕಾಯಬೇಕು.

"ಒಲಿ ಹಚ್ಚಬ್ಯಾಡ."

"ಯಾಕ್ರಿ? ಹಸಿವಿಲ್ಲೇನು?"

ಅವರು ಉತ್ತರ ಕೊಡದೆ ಅಟ್ಟದ ಮೇಲಿನ ಬುಟ್ಟಿಗೆ ಕೈ ಚಾಚುತ್ತಾರೆ. ಬಿಳಿ ಅರಿವೆ ಸರಿಸಿದರೆ ಕಡಕ್ ರೊಟ್ಟಿ, ಕಾಗದದಷ್ಟು ತೆಳ್ಳಗೆ, ಒಂದರ ಮೇಲೊಂದು. ಎಳ್ಳಮಾಸಿಗೆ ಚರಗ ಚೆಲ್ಲಲು ಹೋಗುವಾಗ ಓಣಿಯ ಹೆಂಗಸರೆಲ್ಲ ಸೇರಿ ಬಡಿದದ್ದು. ತಿಂಗಳಿಟ್ಟರೂ ಕೆಡುವುದಿಲ್ಲ. ಬಿಸಿ ರೊಟ್ಟಿಯ ಮನುಷ್ಯ ಅವರು, ಕಡಕ್ ರೊಟ್ಟಿ ಪಯಣಕ್ಕೆ, ಹೊಲಕ್ಕೆ, ಬೀಗರಿಗೆ ಎಂದು ಇಷ್ಟು ವರ್ಷ ಅದನ್ನು ಮನೆಯೊಳಗೆ ಮುಟ್ಟಿದವರಲ್ಲ. ಬುಟ್ಟಿಯನ್ನು ತಾವೇ ತಂದು ಪಡಸಾಲೆಯ ನಡುವೆ ಇಡುತ್ತಾರೆ. ಆಮೇಲೆ ತಾಟು ಹುಡುಕುತ್ತಾರೆ. ಎಲ್ಲಿವೆ ಎಂದು ಗೊತ್ತಿಲ್ಲ. ಸೊಸೆ ತುಟಿ ಬಿಗಿಹಿಡಿದು ತೋರಿಸುತ್ತಾಳೆ.

ಆರು ತಾಟು. ಈ ಸಲ ನೀವು ಎಣಿಸಿದ್ದೀರಿ.

ಆಕೆಯೂ ಕೂತಳು, ಆದರೆ ಒಂದು ಮೊಣಕಾಲು ಎತ್ತಿಕೊಂಡೇ, ಏಳುವವರು ಕೂರುವ ಹಾಗೆ. ಮಧ್ಯಾಹ್ನ ನೆನೆಯಿಟ್ಟ ಮಡಕಿಕಾಳಿನ ಉಸಳಿ, ಗುರೆಳ್ಳು ಚಟ್ನಿ, ಮೊಸರು. ಕಟ್, ಕಟ್ ಎಂದು ಆರು ಕಡೆ ರೊಟ್ಟಿ ಮುರಿಯುವ ಸದ್ದು. ಆಯಿಗೆ ಹಲ್ಲಿಲ್ಲ, ಮಜ್ಜಿಗೆಯಲ್ಲಿ ಮುರಿದು ಹಾಕಿ ನೆನೆಸುತ್ತಾಳೆ. ಮಗ 'ಮಜ್ಜಿಗಿ' ಎಂದ ಕೂಡಲೇ ಆಕೆಯ ಮೊಣಕಾಲು ಏಳುತ್ತದೆ.

"ನೀ ಕುಂದರ ಬೇ," ಎಂದು ಅವನೇ ಎದ್ದು ಹೋಗುತ್ತಾನೆ.

ಅಭ್ಯಾಸಬಲದಿಂದ ಆಕೆಯ ಕೈ ಭರಣಿಯ ಕಡೆ ಹೋಗುತ್ತದೆ, ಅಲ್ಲಿ ಭರಣಿ ಇಲ್ಲ. ಅದನ್ನು ಯಾರು ಒಳಗಿಟ್ಟರೋ. ಕೈ ಗಾಳಿಯಲ್ಲೇ ತುಸು ತಡೆದು ಉಸಳಿಯ ಪಾತ್ರೆಗೆ ಇಳಿಯುತ್ತದೆ. ಅದರಲ್ಲಿ ಇನ್ನೂ ಅರ್ಧ ಇದೆ.

"ಗುಳಗಿ ತಗೊಂಡಿಯೇನೋ?" ಆಯಿ.

"ಉಂಡಮ್ಯಾಗ ಬೇ."

ಆಯಿ ತನ್ನ ಸೊಸೆಯ ಕಡೆ, ಯಜಮಾನರ ಹೆಂಡತಿಯ ಕಡೆ, ತಿರುಗುತ್ತಾಳೆ, ಏನೋ ಕೇಳುವವಳಂತೆ, ಕೇಳುವುದಿಲ್ಲ.

"ಮುಂಜಾನೆ ಎಂಟೂವರಿ ಬಸ್ಸಿಗೆ ಹೋಗೂಣು," ಎನ್ನುತ್ತಾರೆ ಯಜಮಾನರು, ತಾಟು ನೋಡುತ್ತ. "ನೀ, ನಾ. ಇಬ್ಬರ."

"ಎಂಟೂವರಿಗೆ ಹ್ಯಾಂಗ ಬರಲಿ? ರೊಟ್ಟಿ ಆಗಬೇಕಲ್ಲ ಮನಿಗೆ."

"ಬುಟ್ಟ್ಯಾಗ ಇನ್ನೂ ಇಪ್ಪತ್ತಾರ ಅದಾವ. ಎಣಿಸೇನಿ."